ಶಿಬಿರದ ಕಾಗದ, ರಾಜಧಾನಿಯ ಗೆಳೆಯ

1861ರ ಸೆಪ್ಟೆಂಬರ್ 3ರಂದು ಮಿಸಿಸಿಪ್ಪಿ ನದಿಯ ದಡದ ಕೇಪ್ ಜಿರಾರ್ಡೋ ಎಂಬ ಊರಿನಿಂದ ಯುಲಿಸಿಸ್ ಗ್ರಾಂಟ್ ತನ್ನ ಕ್ಷೇತ್ರದ ಸಂಸದ ಎಲಿಹು ವಾಶ್‌ಬರ್ನ್‌ಗೆ ಒಂದು ಕಾಗದ ಬರೆದ. ಬ್ರಿಗೇಡಿಯರ್ ಜನರಲ್ ಹುದ್ದೆ ತನಗೆ ದೊರೆತದ್ದರ ಹಿಂದೆ ವಾಶ್‌ಬರ್ನ್ ಇದ್ದಾನೆಂದು ಅವನಿಗೆ ಗೊತ್ತಿತ್ತು. ಆ ಉಪಕಾರವನ್ನು ನೆನೆದು, ನನಗಾಗಿ ಇಷ್ಟು ಮಾಡಿದ್ದಕ್ಕೆ ನೀವು ಎಂದೂ ಪಶ್ಚಾತ್ತಾಪ ಪಡಬೇಕಾಗದು ಎಂಬ ಅರ್ಥದ ಮಾತಿನಿಂದ ಕಾಗದ ಮುಗಿಸಿದ. ಅದೇ ವರ್ಷದ ಬೇಸಿಗೆಗೆ ಮುಂಚೆ ಈ ಮನುಷ್ಯ ಇಲಿನಾಯ್ ರಾಜ್ಯದ ಗಲೀನಾದಲ್ಲಿ ಅಪ್ಪನ ಚರ್ಮದಂಗಡಿಯಲ್ಲಿ ಕೆಲಸಕ್ಕಿದ್ದ. ವೆಸ್ಟ್ ಪಾಯಿಂಟ್‌ನಲ್ಲಿ ಓದಿದ್ದ, ಮೆಕ್ಸಿಕೋ ಯುದ್ಧದಲ್ಲಿ ಹೋರಾಡಿದ್ದ, ಆದರೆ 1854ರಲ್ಲೇ ಸೇನೆಗೆ ರಾಜೀನಾಮೆ ಕೊಟ್ಟು ಕೈಹಾಕಿದ ಕಸುಬಿನಲ್ಲೆಲ್ಲ ಸೋತಿದ್ದ.

ಅಮೆರಿಕದ ಅಂತರ್ಯುದ್ಧದ ಉದ್ದಕ್ಕೂ ಇವರಿಬ್ಬರ ನಡುವೆ ಕಾಗದಗಳು ಓಡಾಡಿದವು. ಅವನ್ನು ಓದಿದವರಲ್ಲಿ ಎರಡು ಪಕ್ಷಗಳಿವೆ. ಸಂಸದನ ಕೃಪೆ ಇಲ್ಲದಿದ್ದರೆ ಗ್ರಾಂಟ್ ಯಾರಿಗೂ ಗೊತ್ತಿಲ್ಲದ ಕರ್ನಲ್ ಆಗಿಯೇ ಉಳಿಯುತ್ತಿದ್ದ ಎನ್ನುವವರು ಒಂದು ಕಡೆ. ಗ್ರಾಂಟ್‌ಗೆ ರಾಜಕೀಯದ ಗಂಧವೇ ಇರಲಿಲ್ಲ, ಗೆದ್ದದ್ದರಿಂದ ಮೇಲೇರಿದ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸತ್ಯದ ಒಂದೊಂದು ತುಂಡಿದೆ. ಆದರೆ ಇವರಿಬ್ಬರ ಕಾಗದಗಳನ್ನಷ್ಟೇ ಮುಂದಿಟ್ಟುಕೊಂಡು ಕೂತರೆ ಮುಖ್ಯ ಪ್ರಶ್ನೆ ತಪ್ಪಿಹೋಗುತ್ತದೆ. ಯುದ್ಧ ನಡೆಯುತ್ತಿರುವಾಗ ಸೇನಾಧಿಕಾರಿಯೊಬ್ಬ ಮೇಲಧಿಕಾರಿಯನ್ನು ದಾಟಿ ರಾಜಕಾರಣಿಗೆ ಬರೆಯಬಹುದೇ? ಬರೆದರೆ ಏನು ಬರೆಯಬಹುದು? ಉತ್ತರ ಬೇಕಿದ್ದರೆ ಅದೇ ಯುದ್ಧದಲ್ಲಿ ಬೇರೆ ಸೇನಾನಿಗಳು ಬರೆದ ಕಾಗದಗಳನ್ನೂ ಪಕ್ಕಕ್ಕಿಟ್ಟು ನೋಡಬೇಕು.

ಬರೆಯಲೇಬಾರದು ಎನ್ನುವುದು ಸುಲಭ. ಆದರೆ ಆಗಿನ ವ್ಯವಸ್ಥೆಯೇ ಅದಕ್ಕೆ ಎಡೆಗೊಡುತ್ತಿರಲಿಲ್ಲ. ಯುದ್ಧ ಶುರುವಾದಾಗ ಅಮೆರಿಕದ ಕಾಯಂ ಸೇನೆಯಲ್ಲಿ ಇದ್ದದ್ದು ಸುಮಾರು 16,000 ಮಂದಿ. 1861ರ ಏಪ್ರಿಲ್ 15ರಂದು ಅಧ್ಯಕ್ಷ ಲಿಂಕನ್ ಕರೆದದ್ದು 75,000 ಸ್ವಯಂಸೇವಕರನ್ನು. ಪಡೆಗಳನ್ನು ಕಟ್ಟಿದ್ದು ರಾಜ್ಯಗಳು, ಕರ್ನಲ್‌ಗಳನ್ನು ನೇಮಿಸಿದ್ದು ಗವರ್ನರ್‌ಗಳು. ಜನರಲ್‌ಗಳ ಹೆಸರನ್ನು ಅಧ್ಯಕ್ಷ ಕಳಿಸಬೇಕು, ಸೆನೆಟ್ ಒಪ್ಪಬೇಕು. ಇಂತಿಂಥ ರಾಜ್ಯಕ್ಕೆ ಇಷ್ಟಿಷ್ಟು ಜನರಲ್‌ಗಳೆಂದು ಪಾಲು ಹಂಚಿಕೆಯಾದಾಗ ಹೆಸರು ಸೂಚಿಸಿದ್ದು ಆಯಾ ರಾಜ್ಯದ ಸಂಸದರೇ. ಗ್ರಾಂಟ್‌ನ ಹೆಸರು ಇಲಿನಾಯ್ ಪಟ್ಟಿಯಲ್ಲಿ ಸೇರಿದ್ದೂ ಹಾಗೆಯೇ. ಸೇನೆಯ ಬುನಾದಿಯಲ್ಲೇ ರಾಜಕಾರಣ ಇದ್ದಾಗ ಸಂಸದನ ಪರಿಚಯ ಇಟ್ಟುಕೊಂಡದ್ದು ಅಪರಾಧವೆನ್ನಲು ಬರುವುದಿಲ್ಲ. ಆ ಪರಿಚಯವನ್ನು ಯಾವುದಕ್ಕೆ ಬಳಸಿದ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ.

ಕೆಟ್ಟದಾಗಿ ಬಳಸಿದವನಿಗೆ ಉದಾಹರಣೆ ಗ್ರಾಂಟ್‌ನ ಕೈಕೆಳಗೇ ಇದ್ದ. ಜಾನ್ ಮೆಕ್‌ಕ್ಲರ್ನಂಡ್ ಕೂಡ ಇಲಿನಾಯ್‌ನವನೇ, ಡೆಮಾಕ್ರಟಿಕ್ ಪಕ್ಷದ ಸಂಸದನಾಗಿದ್ದು ಜನರಲ್ ಆದವನು. ಅವನು ನೇರವಾಗಿ ಲಿಂಕನ್‌ಗೇ ಬರೆಯುತ್ತಿದ್ದ. 1862ರ ಅಕ್ಟೋಬರ್‌ನಲ್ಲಿ ವಿಕ್ಸ್‌ಬರ್ಗ್ ಮೇಲೆ ದಂಡೆತ್ತಿ ಹೋಗಲು ಗುಟ್ಟಿನ ಆದೇಶವೊಂದನ್ನು ಪಡೆದುಕೊಂಡ. ಆ ಪ್ರದೇಶದ ಸೇನಾಧಿಪತಿ ಗ್ರಾಂಟ್‌ಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಮುಂದಿನ ಜೂನ್‌ನಲ್ಲಿ ಮೆಕ್‌ಕ್ಲರ್ನಂಡ್ ತನ್ನ ದಳವನ್ನು ಹೊಗಳಿದ, ಉಳಿದವರನ್ನು ಹಳಿದ ಆದೇಶಪತ್ರವೊಂದು ಮೇಲಧಿಕಾರಿಯ ಕಣ್ಣಿಗೆ ಬೀಳುವ ಮೊದಲೇ ಪತ್ರಿಕೆಗಳಲ್ಲಿ ಅಚ್ಚಾಯಿತು. ಗ್ರಾಂಟ್ ಅವನನ್ನು ಹುದ್ದೆಯಿಂದ ಇಳಿಸಿದ. ಲಿಂಕನ್‌ಗೆ ಅವನು ಎಷ್ಟು ಮೊರೆಯಿಟ್ಟರೂ ವಿಕ್ಸ್‌ಬರ್ಗ್ ಮುಂದಿನ ಆ ಹುದ್ದೆ ಮರಳಿ ಸಿಗಲಿಲ್ಲ.

ಗ್ರಾಂಟ್–ವಾಶ್‌ಬರ್ನ್ ಪತ್ರವ್ಯವಹಾರ ಇಬ್ಬರದ್ದೇ ಎಂದು ತಿಳಿಯುವುದೂ ತಪ್ಪು. ಗ್ರಾಂಟ್‌ನ ಸಿಬ್ಬಂದಿಯಲ್ಲಿ ಗಲೀನಾದವರು ಹಲವರಿದ್ದರು, ಅವರಲ್ಲಿ ಕೆಲವರು ತಮ್ಮ ಸಂಸದನಿಗೆ ಬರೆಯುತ್ತಿದ್ದರು. 1861ರ ಡಿಸೆಂಬರ್‌ನಲ್ಲಿ ಗ್ರಾಂಟ್ ಮತ್ತೆ ಕುಡಿಯುತ್ತಿದ್ದಾನೆಂಬ ದೂರು ವಾಶ್‌ಬರ್ನ್‌ಗೆ ಹೋಯಿತು. ಅವನು ಸುಮ್ಮನಿರದೆ ಜಾನ್ ರಾಲಿನ್ಸ್‌ನನ್ನು ಕೇಳಿದ. ರಾಲಿನ್ಸ್ ಗಲೀನಾದ ವಕೀಲ, ಗ್ರಾಂಟ್‌ನ ಸಹಾಯಕ ಅಧಿಕಾರಿ, ಸ್ವಂತ ತಂದೆಯ ಕುಡಿತದಿಂದ ಮನೆ ಕಷ್ಟಪಟ್ಟದ್ದನ್ನು ಕಂಡವನು. ಡಿಸೆಂಬರ್ 30ರಂದು ಇಲಿನಾಯ್‌ನ ಕೈರೋ ಶಿಬಿರದಿಂದ ಅವನು ಬರೆದ ಉತ್ತರ ನ್ಯಾಯಾಲಯದ ಪ್ರಮಾಣಪತ್ರದಂತಿದೆ. ದೂರನ್ನು ಅಲ್ಲಗಳೆದದ್ದಷ್ಟೇ ಅಲ್ಲ, ಗ್ರಾಂಟ್ ಯಾವ ಸಂದರ್ಭದಲ್ಲಿ ಏನು ಕುಡಿದಿದ್ದಾನೆ, ವೈದ್ಯನ ಸಲಹೆಯಂತೆ ಕುಡಿದದ್ದೇನು ಎಂಬುದನ್ನೂ ಎಣಿಸಿ ಹೇಳಿದ. ಗ್ರಾಂಟ್ ಎಂದಾದರೂ ಕುಡುಕನಾದರೆ ನಾನೇ ನಿಮಗೆ ತಿಳಿಸುತ್ತೇನೆ, ಇಲ್ಲಿಂದ ಬಿಡುಗಡೆ ಕೇಳುತ್ತೇನೆ ಇಲ್ಲವೇ ರಾಜೀನಾಮೆ ಕೊಡುತ್ತೇನೆ ಎಂದು ಮಾತು ಕೊಟ್ಟ. ಈ ಕಾಗದವನ್ನು ಕಳಿಸುವ ಮುನ್ನ ರಾಲಿನ್ಸ್ ಗ್ರಾಂಟ್‌ಗೇ ತೋರಿಸಿದ, ಗ್ರಾಂಟ್ ಓದಿ ಖಂಡಿತ ಕಳಿಸು ಎಂದ ಎಂಬುದು ರಾಲಿನ್ಸ್‌ನ ಜೀವನಚರಿತ್ರೆ ಬರೆದ ಜೇಮ್ಸ್ ವಿಲ್ಸನ್‌ನ ಹೇಳಿಕೆ. ಇಡೀ ಪತ್ರವ್ಯವಹಾರದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಘಟನೆ ಇದು. ಯಾರ ಬಗ್ಗೆ ಬರೆದದ್ದೋ ಅವನೇ ಓದಿದ ಮೇಲೆ ಅಂಚೆಗೆ ಹೋದ ಕಾಗದದಲ್ಲಿ ಚಾಡಿಗೆ ಜಾಗವಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಶೈಲೋ ಕದನದ ನಂತರ. 1862ರ ಏಪ್ರಿಲ್ 6 ಮತ್ತು 7, ಎರಡೇ ದಿನಗಳಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 23,000ಕ್ಕೂ ಹೆಚ್ಚು. ಆ ಖಂಡ ಅಂಥದ್ದೊಂದು ಕದನವನ್ನು ಅದುವರೆಗೆ ನೋಡಿರಲಿಲ್ಲ. ಗ್ರಾಂಟ್ ಮೈಮರೆತಿದ್ದ, ಶತ್ರು ಬಂದಾಗ ಸೈನಿಕರು ಇನ್ನೂ ಡೇರೆಗಳಲ್ಲಿದ್ದರು ಎಂದು ಪತ್ರಿಕೆಗಳು ಹರಿಹಾಯ್ದವು. ಕುಡಿತದ ಹಳೆಯ ಕಥೆ ಮತ್ತೆ ಎದ್ದಿತು. ಮೇ 2ರಂದು ವಾಶ್‌ಬರ್ನ್ ಪ್ರತಿನಿಧಿ ಸಭೆಯಲ್ಲಿ ಎದ್ದುನಿಂತು ಗ್ರಾಂಟ್‌ನ ಪರವಾಗಿ ದೀರ್ಘವಾಗಿ ಮಾತನಾಡಿದ. ಮೇ 14ರಂದು ಕೊರಿಂತ್ ಬಳಿಯ ಶಿಬಿರದಿಂದ ಗ್ರಾಂಟ್ ಬರೆದ ಉತ್ತರವನ್ನು ನಿಧಾನವಾಗಿ ಓದಬೇಕು. ಈ ಟೀಕೆಗಳಿಂದ ನೋವಾಗಿಲ್ಲವೆಂದರೆ ಸುಳ್ಳಾಗುತ್ತದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ತಂದೆ, ತಾಯಿ, ಹೆಂಡತಿ, ಮಕ್ಕಳು ಅವನ್ನು ಓದಿ ನೊಂದುಕೊಳ್ಳುತ್ತಾರೆ, ಅವರ ನೋವಿನಲ್ಲಿ ನನಗೂ ಪಾಲಿದೆ ಎನ್ನುತ್ತಾನೆ. ನನ್ನ ಆದೇಶ ಪಾಲಿಸಬೇಕಾದ ಸೈನಿಕರೂ ಇದನ್ನೇ ಓದುತ್ತಾರೆ, ಅವರಿಗೆ ನನ್ನ ಮೇಲಿನ ನಂಬಿಕೆ ಕುಂದಿದರೆ ನನ್ನ ಕೆಲಸವೇ ಕೆಡುತ್ತದೆ ಎಂಬುದು ಮುಂದಿನ ಮಾತು. ದಂಗೆ ಅಡಗುವವರೆಗೆ ಕೈಲಾದ ಸೇವೆ ಮಾಡುವುದನ್ನು ಯಾರೂ ನನ್ನಿಂದ ಬಿಡಿಸಲಾರರು, ಮುಗಿದ ಮೇಲೆ ಹಿಂದಿನ ಶಾಂತ ಬದುಕಿಗೆ ಮರಳುತ್ತೇನೆ ಎಂದು ಕೊನೆಗೆ ಬರೆಯುತ್ತಾನೆ. ತಪ್ಪನ್ನು ಇನ್ನೊಬ್ಬ ಜನರಲ್‌ನ ತಲೆಗೆ ಕಟ್ಟುವ ಅವಕಾಶ ಅವನಿಗಿತ್ತು. ಅದಕ್ಕಾಗಿ ಈ ಕಾಗದವನ್ನು ಅವನು ಬಳಸಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಹೆನ್ರಿ ಹ್ಯಾಲೆಕ್ ವಿಷಯದ್ದು. ಫೆಬ್ರವರಿಯಲ್ಲಿ ಗ್ರಾಂಟ್ ಫೋರ್ಟ್ ಹೆನ್ರಿ ಮತ್ತು ಫೋರ್ಟ್ ಡೊನೆಲ್ಸನ್ ಕೋಟೆಗಳನ್ನು ಗೆದ್ದು ಉತ್ತರದವರಿಗೆ ಮೊದಲ ದೊಡ್ಡ ಜಯ ತಂದುಕೊಟ್ಟಿದ್ದ. ಮರುತಿಂಗಳೇ ಮೇಲಧಿಕಾರಿ ಹ್ಯಾಲೆಕ್, ಗ್ರಾಂಟ್ ವರದಿ ಕಳಿಸುತ್ತಿಲ್ಲವೆಂದು ವಾಷಿಂಗ್ಟನ್‌ಗೆ ದೂರಿ ಅವನನ್ನು ಕೆಲಕಾಲ ಮೂಲೆಗೆ ಸರಿಸಿದ. ಶೈಲೋ ಆದ ಮೇಲೆ ತಾನೇ ಬಂದು ಸೇನೆಯ ಚುಕ್ಕಾಣಿ ಹಿಡಿದು ಗ್ರಾಂಟ್‌ನನ್ನು ಹೆಸರಿಗಷ್ಟೇ ಎರಡನೆಯವನಾಗಿ ಕೂರಿಸಿದ. ಆದರೂ 1862ರ ಜುಲೈ 22ರಂದು ವಾಶ್‌ಬರ್ನ್‌ಗೆ ಬರೆಯುವಾಗ ಗ್ರಾಂಟ್ ಹ್ಯಾಲೆಕ್‌ನ ಬುದ್ಧಿಶಕ್ತಿಯನ್ನೂ ಯುದ್ಧಶಾಸ್ತ್ರದ ಪಾಂಡಿತ್ಯವನ್ನೂ ಹೊಗಳಿದ. ನಮ್ಮಿಬ್ಬರ ನಡುವೆ ಚಿಕ್ಕಪುಟ್ಟ ಜಟಾಪಟಿ ಆದದ್ದುಂಟು, ಆದರೂ ಅವರ ಮೇಲೆ ನನಗೆ ಪ್ರೀತಿ, ಗೌರವ ಇದೆ ಎಂದ. ಹ್ಯಾಲೆಕ್ ಬೆನ್ನ ಹಿಂದೆ ಏನೇನು ಬರೆದಿದ್ದನೆಂಬುದು ಗ್ರಾಂಟ್‌ಗೆ ತಿಳಿದದ್ದು ಯುದ್ಧ ಮುಗಿದ ಮೇಲೆ.

ಇದರ ಪಕ್ಕದಲ್ಲಿ ಜೇಮ್ಸ್ ಗಾರ್‌ಫೀಲ್ಡ್‌ನ ಕಾಗದವನ್ನಿಡಿ. 1863ರಲ್ಲಿ ಅವನು ಕಂಬರ್ಲೆಂಡ್ ಸೇನೆಯ ಮುಖ್ಯಸ್ಥ ವಿಲಿಯಂ ರೋಸ್‌ಕ್ರಾನ್ಸ್‌ನ ಸಿಬ್ಬಂದಿ ಮುಖ್ಯಸ್ಥ. ಅಷ್ಟರಲ್ಲಾಗಲೇ ಸಂಸತ್ತಿಗೂ ಆಯ್ಕೆಯಾಗಿದ್ದ. ಜುಲೈ 27ರಂದು ತನ್ನ ಹಿತೈಷಿ, ಹಣಕಾಸು ಮಂತ್ರಿ ಸ್ಯಾಮನ್ ಚೇಸ್‌ಗೆ ಬರೆದು, ತನ್ನ ಸೇನಾಪತಿ ಮುಂದುವರಿಯಲು ತಡಮಾಡುತ್ತಿದ್ದಾನೆಂದು ದೂರಿದ. ನ್ಯಾಯವಾಗಿ ಹೇಳಬೇಕೆಂದರೆ ಗಾರ್‌ಫೀಲ್ಡ್ ಹೇಡಿಯಲ್ಲ. ಜೂನ್ 12ರಂದು, ಉಳಿದ ಜನರಲ್‌ಗಳೆಲ್ಲ ಈಗ ಬೇಡವೆಂದಾಗ, ಕೂಡಲೇ ದಾಳಿ ಮಾಡಬೇಕೆಂದು ಕಾರಣಸಹಿತ ಟಿಪ್ಪಣಿಯನ್ನು ರೋಸ್‌ಕ್ರಾನ್ಸ್‌ಗೇ ಕೊಟ್ಟಿದ್ದ. ರೋಸ್‌ಕ್ರಾನ್ಸ್ ತಿಂಗಳುಗಟ್ಟಲೆ ಮರ್ಫ್ರೀಸ್‌ಬರೋದಲ್ಲಿ ಕದಲದೆ ಕೂತಿದ್ದೂ ನಿಜ. ಹಾಗಾಗಿ ಕಾಗದದ ವಿಷಯ ನಿಜ, ವಿಳಾಸ ತಪ್ಪು. ಹಗಲೆಲ್ಲ ಯಾರ ಆದೇಶಗಳನ್ನು ತಾನೇ ಬರೆದು ಕಳಿಸುತ್ತಿದ್ದನೋ ಅವನ ಕುರಿತು ಅವನಿಗೆ ತಿಳಿಯದಂತೆ ಮಂತ್ರಿಗೆ ಬರೆಯುವುದು ನಂಬಿಕೆದ್ರೋಹವೇ. ಸೆಪ್ಟೆಂಬರ್‌ನಲ್ಲಿ ಚಿಕಮಾಗಾದಲ್ಲಿ ರೋಸ್‌ಕ್ರಾನ್ಸ್ ಸೋತ, ಅಕ್ಟೋಬರ್‌ನಲ್ಲಿ ಹುದ್ದೆ ಕಳೆದುಕೊಂಡ. ಅದಕ್ಕೆ ಸೋಲೇ ಸಾಕಿತ್ತು, ಗಾರ್‌ಫೀಲ್ಡ್‌ನ ಕಾಗದದಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಆ ಕಾಗದ 1882ರಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದರಲ್ಲಿ ಬೆಳಕಿಗೆ ಬಂದಾಗ ಗಾರ್‌ಫೀಲ್ಡ್ ಅಧ್ಯಕ್ಷನಾಗಿ, ಗುಂಡೇಟಿಗೆ ಸಿಕ್ಕಿ ಸತ್ತು ತಿಂಗಳುಗಳು ಕಳೆದಿದ್ದವು. ಅವನನ್ನು ಗೆಳೆಯನೆಂದೇ ನಂಬಿದ್ದ ರೋಸ್‌ಕ್ರಾನ್ಸ್ ಇನ್ನೂ ಬದುಕಿದ್ದ.

ದಕ್ಷಿಣದ ಪಡೆಯಲ್ಲಿ ಇದೇ ಚಾಳಿ ಇನ್ನೂ ಘೋರ ಫಲ ಕೊಟ್ಟಿತು. 1864ರ ವಸಂತದಲ್ಲಿ ಜಾನ್ ಬೆಲ್ ಹುಡ್ ತನ್ನ ಮೇಲಧಿಕಾರಿ ಜೋಸೆಫ್ ಜಾನ್ಸ್ಟನ್ ಹೋರಾಡದೆ ಹಿಂದೆ ಸರಿಯುತ್ತಿದ್ದಾನೆಂದು ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ಗೂ ಅವನ ಸೇನಾ ಸಲಹೆಗಾರ ಬ್ರ್ಯಾಗ್‌ಗೂ ಬರೆದ. ಜುಲೈ 17ರಂದು ಜಾನ್ಸ್ಟನ್‌ನನ್ನು ತೆಗೆದು ಹುಡ್‌ನನ್ನೇ ಆ ಜಾಗಕ್ಕೆ ಕೂರಿಸಿದರು. ಸೆಪ್ಟೆಂಬರ್ ಆರಂಭದಲ್ಲಿ ಅಟ್ಲಾಂಟಾ ಕೈಬಿಟ್ಟಿತು. ಡಿಸೆಂಬರ್ ಹೊತ್ತಿಗೆ ಫ್ರಾಂಕ್ಲಿನ್ ಮತ್ತು ನ್ಯಾಶ್‌ವಿಲ್ ಕದನಗಳಲ್ಲಿ ಆ ಸೇನೆ ನುಚ್ಚುನೂರಾಯಿತು. ಜಾನ್ಸ್ಟನ್‌ನೂ ಸಾಧುವಲ್ಲ. ಅವನ ಆಪ್ತ ಸೆನೆಟರ್ ಲೂಯಿಸ್ ವಿಗ್‌ಫಾಲ್, ಇಬ್ಬರ ಪತ್ರಗಳ ಗುರಿ ಡೇವಿಸ್. ದೇಶದ ಅಧ್ಯಕ್ಷ ಮತ್ತು ಸೇನಾಪತಿ ಒಬ್ಬರನ್ನೊಬ್ಬರು ನಂಬದ ಸ್ಥಿತಿಗೆ ಈ ಪತ್ರಗಳೂ ಎಣ್ಣೆ ಎರೆದವು.

ಉತ್ತರದ ಪೊಟೊಮ್ಯಾಕ್ ಸೇನೆಯ ನಾಯಕ ಜಾರ್ಜ್ ಮೆಕ್‌ಕ್ಲೆಲನ್‌ನನ್ನು ಇಲ್ಲಿ ಬಿಡುವಂತಿಲ್ಲ. ಗುಲಾಮಗಿರಿಗೆ ಕೈ ಹಾಕಬೇಡಿ ಎಂಬ ರಾಜಕೀಯ ಸಲಹೆಯ ಪತ್ರವನ್ನು 1862ರ ಜುಲೈನಲ್ಲಿ ಹ್ಯಾರಿಸನ್ಸ್ ಲ್ಯಾಂಡಿಂಗ್ ಶಿಬಿರಕ್ಕೆ ಬಂದ ಲಿಂಕನ್‌ನ ಕೈಗೇ ಇತ್ತ. ಆ ಸಲಹೆ ತಪ್ಪಾಗಿತ್ತೆಂದು ನನಗೆ ಸಂಶಯವಿಲ್ಲ, ಆದರೆ ಮುಖಾಮುಖಿ ಕೊಟ್ಟದ್ದು ಸರಿ. ಸರಿಯಲ್ಲದ್ದು, ಅದೇ ವಿಚಾರಗಳನ್ನು ನ್ಯೂಯಾರ್ಕ್‌ನ ಡೆಮಾಕ್ರಟಿಕ್ ವಕೀಲ ಸ್ಯಾಮ್ಯುಯೆಲ್ ಬಾರ್ಲೋ ಜೊತೆ ಗುಟ್ಟಾಗಿ ಹೊಸೆದದ್ದು. ಅವನ ಬಲಗೈ ಫಿಟ್ಜ್ ಜಾನ್ ಪೋರ್ಟರ್ ಇನ್ನೂ ಮುಂದೆ ಹೋಗಿ, ವಿರೋಧ ಪಕ್ಷದ ಪತ್ರಿಕಾ ಸಂಪಾದಕನಿಗೆ ಲಿಂಕನ್‌ನ ಗುಲಾಮ ವಿಮೋಚನಾ ಘೋಷಣೆಯನ್ನು ಹಳಿದು ಬರೆದ. ಮುಂದೆ 1864ರಲ್ಲಿ ಮೆಕ್‌ಕ್ಲೆಲನ್ ಲಿಂಕನ್‌ನ ಎದುರು ಚುನಾವಣೆಗೇ ನಿಂತ.

ಹಾಗಾದರೆ ಗ್ರಾಂಟ್–ವಾಶ್‌ಬರ್ನ್ ಸ್ನೇಹದಲ್ಲಿ ಕಲೆಯೇ ಇಲ್ಲವೇ? ಇದೆ, ದೊಡ್ಡದೇ ಇದೆ. 1862ರ ಡಿಸೆಂಬರ್ 17ರಂದು ಗ್ರಾಂಟ್, ಹತ್ತಿಯ ಕಳ್ಳವ್ಯಾಪಾರದ ಕೋಪದಲ್ಲಿ, ತನ್ನ ಸೇನಾ ಪ್ರದೇಶದಿಂದ ಯಹೂದಿಗಳೆಲ್ಲರೂ ಹೊರಹೋಗಬೇಕೆಂದು ಆದೇಶ ಹೊರಡಿಸಿದ. ಕೆಲವು ವ್ಯಾಪಾರಿಗಳ ತಪ್ಪಿಗೆ ಇಡೀ ಜನಾಂಗಕ್ಕೆ ಶಿಕ್ಷೆ. ಕೆಂಟಕಿಯ ಪಡುಕಾ ಊರಿನಿಂದ ಹೊರಹಾಕಲ್ಪಟ್ಟ ಯಹೂದಿಗಳು ಲಿಂಕನ್‌ನ ಬಾಗಿಲು ತಟ್ಟಿದರು. ಜನವರಿ 4ರಂದು ಆದೇಶ ರದ್ದಾಯಿತು. ಎರಡು ದಿನಗಳ ನಂತರ ವಾಶ್‌ಬರ್ನ್ ಲಿಂಕನ್‌ಗೆ ಬರೆದು ಆ ಆದೇಶ ವಿವೇಕದ್ದೇ ಎಂದು ಸಮರ್ಥಿಸಿದ. ಗ್ರಾಂಟ್‌ನನ್ನು ಖಂಡಿಸುವ ನಿರ್ಣಯ ಪ್ರತಿನಿಧಿ ಸಭೆಗೆ ಬಂದಾಗ ಬೆರಳೆಣಿಕೆಯ ಮತಗಳ ಅಂತರದಲ್ಲಿ ಅದು ಬದಿಗೆ ಸರಿಯಿತು. ಗೆಳೆಯ ತಪ್ಪಿದಾಗ ಮೊದಲು ತಿದ್ದಬೇಕಾದವನು ಗೆಳೆಯ. ಕುಡಿತದ ವದಂತಿ ಬಂದಾಗ ಪ್ರಶ್ನೆ ಕೇಳಿದ್ದ ವಾಶ್‌ಬರ್ನ್ ಇಲ್ಲಿ ಪ್ರಶ್ನೆಯನ್ನೇ ಕೇಳಲಿಲ್ಲ. 1868ರಲ್ಲಿ ಗ್ರಾಂಟ್ ಆ ಆದೇಶಕ್ಕೆ ವಿಷಾದಿಸಿದ. ಅವರ ಮೈತ್ರಿಯನ್ನು ಕೊಂಡಾಡುವ ಪುಸ್ತಕಗಳು ಈ ಪುಟವನ್ನು ಬೇಗ ಮಗುಚುತ್ತವೆ, ಹಾಗೆ ಮಾಡಬಾರದು.

1863ರ ವಸಂತದಲ್ಲಿ ವಿಕ್ಸ್‌ಬರ್ಗ್ ಸುತ್ತಲಿನ ಜೌಗುಭೂಮಿಯಲ್ಲಿ ಗ್ರಾಂಟ್‌ನ ಯೋಜನೆಗಳು ಒಂದರ ಹಿಂದೊಂದು ವಿಫಲವಾಗುತ್ತಿದ್ದಾಗ, ವಾಶ್‌ಬರ್ನ್‌ನ ಸ್ವಂತ ತಮ್ಮ, ಅಲ್ಲೇ ಜನರಲ್ ಆಗಿದ್ದ ಕ್ಯಾಡ್ವಲಾಡರ್, ಗ್ರಾಂಟ್ ಸೋತ, ಇನ್ನು ಅವನ ತಲೆದಂಡ ಖಚಿತ ಎಂಬಂತೆ ಅಣ್ಣನಿಗೆ ಬರೆಯುತ್ತಿದ್ದ. ಅಣ್ಣ ಅದನ್ನು ಓದಿ ತೀರ್ಪು ಕೊಡದೆ ತಾನೇ ರಣರಂಗಕ್ಕೆ ಹೋದ. ಗ್ರಾಂಟ್ ನದಿ ದಾಟಿ ಒಳನುಗ್ಗುವಾಗ ಜೊತೆಗಿದ್ದ. ಅಲ್ಲಿಂದ ಲಿಂಕನ್‌ಗೆ ಬರೆದ ಪತ್ರದಲ್ಲಿ, ಈ ಸೇನಾಪತಿಗೆ ಐದು ದಿನಗಳಿಂದ ಕುದುರೆಯಿಲ್ಲ, ಸೇವಕನಿಲ್ಲ, ಹೊದಿಕೆಯಿಲ್ಲ, ಒಗೆದ ಅಂಗಿಯಿಲ್ಲ, ಅವನ ಸಾಮಾನೆಂದರೆ ಒಂದು ಹಲ್ಲುಜ್ಜುವ ಬ್ರಷ್ ಮಾತ್ರ ಎಂದು ಸಂತೋಷದಿಂದ ವರ್ಣಿಸಿದ. ಲಿಂಕನ್‌ಗೆ ಅದುವರೆಗೆ ಗ್ರಾಂಟ್‌ನ ಮುಖಪರಿಚಯವೂ ಇರಲಿಲ್ಲ. ಇಂಥ ಕಾಗದಗಳಿಂದಲೇ ಆ ಮನುಷ್ಯನ ಚಿತ್ರ ಅವನ ಮನಸ್ಸಿನಲ್ಲಿ ಮೂಡಬೇಕಾಗಿತ್ತು. ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು.

ಆ ಜಯದ ನಂತರ ಗ್ರಾಂಟ್‌ನ ಕಾಗದಗಳ ದನಿ ಬದಲಾಗುತ್ತದೆ. ಆಗಸ್ಟ್ 30ರ ಪತ್ರದಲ್ಲಿ ಮೊದಲ ಬಾರಿಗೆ ದೇಶದ ಮೂಲಪ್ರಶ್ನೆಯ ಬಗ್ಗೆ ಬಾಯಿಬಿಟ್ಟು ಮಾತನಾಡುತ್ತಾನೆ. ಗುಲಾಮಗಿರಿ ಆಗಲೇ ಸತ್ತಿದೆ, ಅದಕ್ಕೆ ಮತ್ತೆ ಜೀವ ಬರುವುದಿಲ್ಲ. ನಾನೆಂದೂ ಗುಲಾಮಗಿರಿ ವಿರೋಧಿ ಚಳವಳಿಯವನಾಗಿರಲಿಲ್ಲ, ಆದರೆ ಉತ್ತರ ಮತ್ತು ದಕ್ಷಿಣ ಒಂದೇ ದೇಶವಾಗಿ, ಅದೂ ಗುಲಾಮಗಿರಿ ಇಲ್ಲದೆ ಮಾತ್ರ, ನೆಮ್ಮದಿಯಿಂದ ಬಾಳಬಲ್ಲವೆಂದು ಯುದ್ಧದ ಆರಂಭದಲ್ಲೇ ನನಗೆ ಮನವರಿಕೆಯಾಯಿತು. ಆ ಪ್ರಶ್ನೆ ಎಂದೆಂದಿಗೂ ತೀರ್ಮಾನವಾಗದ ಯಾವ ಸಂಧಾನಕ್ಕೂ ನನ್ನ ಒಪ್ಪಿಗೆಯಿಲ್ಲ. ಪತ್ರದ ಸಾರ ಇದು. ಇದು ಸಿಪಾಯಿಯ ವರದಿಯಲ್ಲ, ರಾಜಕೀಯ ನಿಲುವು. ಬರೆದದ್ದು ಆಡಳಿತ ಪಕ್ಷದ ಸಂಸದನಿಗೆ ಎಂಬುದನ್ನು ಗ್ರಾಂಟ್ ಮರೆತಿರಲಾರ. ರಾಜಕೀಯದ ಗಂಧವಿಲ್ಲದವನೆಂಬ ಹಳೆಯ ಮಾತು ಈ ಕಾಗದದ ಮುಂದೆ ನಿಲ್ಲುವುದಿಲ್ಲ. ಅದೇ ಪತ್ರದಲ್ಲಿ, ಪೊಟೊಮ್ಯಾಕ್ ಸೇನೆಯ ನಾಯಕತ್ವ ತನಗೆ ಬೇಡ, ಅಲ್ಲಿಯೇ ಬೆಳೆದ ಸಮರ್ಥ ಅಧಿಕಾರಿಗಳಿರುವಾಗ ಹೊರಗಿನವನನ್ನು ತಂದು ಕೂರಿಸಿದರೆ ಒಳ್ಳೆಯದಾಗದು ಎಂದೂ ಹೇಳಿದ್ದಾನೆ.

ಡಿಸೆಂಬರ್‌ನಲ್ಲಿ ವಾಶ್‌ಬರ್ನ್ ಲೆಫ್ಟಿನೆಂಟ್ ಜನರಲ್ ಪದವಿಯನ್ನು ಮತ್ತೆ ತರುವ ಮಸೂದೆ ಮಂಡಿಸಿದ. ಆ ಪೂರ್ಣ ಪದವಿ ಅಲ್ಲಿಯವರೆಗೆ ಸಂದದ್ದು ಜಾರ್ಜ್ ವಾಷಿಂಗ್ಟನ್‌ಗೆ ಮಾತ್ರ. ಗ್ರಾಂಟ್‌ನ ಪ್ರತಿಕ್ರಿಯೆ, ನನಗೆ ಈಗಾಗಲೇ ಸಾಕಷ್ಟು ಗೌರವ ಸಂದಿದೆ, ಬಡ್ತಿ ಕೇಳುವುದಿಲ್ಲ, ಶತ್ರುವಿನ ಮೇಲೆ ಗೆಲುವೇ ನನ್ನ ಹಂಬಲ ಎಂಬುದು. 1864ರ ಮಾರ್ಚ್ 9ರಂದು ಶ್ವೇತಭವನದಲ್ಲಿ ಲಿಂಕನ್ ಅವನಿಗೆ ಆ ಅಧಿಕಾರಪತ್ರ ಕೊಟ್ಟ. ಕೇಳದಿದ್ದವನಿಗೇ ಎಲ್ಲವೂ ಸಿಕ್ಕಿತು. ಆದರೆ ಕೇಳುವ ಕೆಲಸವನ್ನು ವಾಶ್‌ಬರ್ನ್ ಮಾಡುತ್ತಿದ್ದ ಎಂಬುದನ್ನೂ ಸೇರಿಸಿ ಹೇಳಿದರೆ ಮಾತ್ರ ಕಥೆ ಪೂರ್ತಿ.

ಇಡೀ ಪತ್ರಮಾಲೆಯಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ್ದು 1864ರ ಆಗಸ್ಟ್ 16ರ ಕಾಗದ. ಆ ಬೇಸಿಗೆ ಉತ್ತರದ ಪಾಲಿಗೆ ಕರಾಳ. ವರ್ಜೀನಿಯಾದಲ್ಲಿ ಹೆಣಗಳ ರಾಶಿ, ಪೀಟರ್ಸ್‌ಬರ್ಗ್ ಮುಂದೆ ಮುಗಿಯದ ಮುತ್ತಿಗೆ. ಚುನಾವಣೆಯಲ್ಲಿ ತಾನು ಸೋಲುವುದು ಬಹುತೇಕ ಖಂಡಿತವೆಂದು ಆಗಸ್ಟ್ 23ರಂದು ಲಿಂಕನ್ ಸ್ವತಃ ಒಂದು ಚೀಟಿಯಲ್ಲಿ ಬರೆದಿಟ್ಟು, ಒಳಗೇನಿದೆಯೆಂದು ತೋರಿಸದೆ ಮಂತ್ರಿಗಳಿಂದ ಸಹಿ ಹಾಕಿಸಿದ. ಅದಕ್ಕೆ ಒಂದು ವಾರ ಮೊದಲು ಸಿಟಿ ಪಾಯಿಂಟ್ ಶಿಬಿರದಿಂದ ಗ್ರಾಂಟ್ ವಾಶ್‌ಬರ್ನ್‌ಗೆ ಬರೆದ ಪತ್ರದ ತಿರುಳು ಹೀಗಿತ್ತು: ಶತ್ರುವಿನ ಬಳಿ ಉಳಿದದ್ದು ಕೊನೆಯ ಪಡೆ. ತೊಟ್ಟಿಲಿನಿಂದಲೂ ಗೋರಿಯಿಂದಲೂ ಜನರನ್ನು ಎಳೆದು ತಂದಿದ್ದಾರೆ. ಸೇನೆ ಬಿಟ್ಟು ಓಡುವವರಿಂದಲೂ ಇತರ ಕಾರಣಗಳಿಂದಲೂ ದಿನಕ್ಕೊಂದು ರೆಜಿಮೆಂಟಿನಷ್ಟು ಕರಗುತ್ತಿದೆ. ಉತ್ತರದ ಜನ ಒಗ್ಗಟ್ಟಾಗಿ ನಿಂತರೆ ಸಾಕು. ಶತ್ರುವಿಗೆ ಉಳಿದಿರುವ ಆಸೆ ನಮ್ಮ ಚುನಾವಣೆಯಲ್ಲಿ ಶಾಂತಿ ಪಕ್ಷದವನು ಗೆಲ್ಲುವುದೊಂದೇ.

ಸೆಪ್ಟೆಂಬರ್‌ನಲ್ಲಿ ಇದು ಪತ್ರಿಕೆಗಳಲ್ಲಿ ಅಚ್ಚಾಗಿ ಲಿಂಕನ್ ಪರ ಪ್ರಚಾರದ ದೊಡ್ಡ ಅಸ್ತ್ರವಾಯಿತು. ಇಲ್ಲಿ ಗ್ರಾಂಟ್ ಗೆರೆ ದಾಟಿದನೇ? ಯಾರಿಗೆ ಮತ ಹಾಕಿ ಎಂದು ಅವನು ಹೇಳಲಿಲ್ಲ. ಆದರೆ ಹೇಳಿದ್ದಕ್ಕೆ ಬೇರೆ ಅರ್ಥವೂ ಇರಲಿಲ್ಲ. ಇಂದಿನ ಸೇನಾ ಶಿಸ್ತಿನ ದೃಷ್ಟಿಯಿಂದ ಇದು ಒಪ್ಪುವ ನಡೆಯಲ್ಲ. ಆ ಆಗಸ್ಟ್ ತಿಂಗಳ ಮಟ್ಟಿಗೆ ನಾನು ಅವನನ್ನು ಸಮರ್ಥಿಸುತ್ತೇನೆ. ಸೋತೆವೆಂದು ದೇಶ ಕೈಚೆಲ್ಲುತ್ತಿದ್ದಾಗ, ಸೋತಿಲ್ಲ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅದನ್ನು ಹೇಳದಿರುವುದೂ ಒಂದು ತಪ್ಪಾಗುತ್ತಿತ್ತು. ಅವನು ಬರೆದದ್ದು ಶತ್ರುವಿನ ಬಗ್ಗೆ, ತನ್ನ ಸಹೋದ್ಯೋಗಿಗಳ ಬಗ್ಗೆಯಲ್ಲ. ಅಟ್ಲಾಂಟಾ ಗೆಲುವಿನ ಸುದ್ದಿ ಬಾರದಿದ್ದರೆ ಈ ಕಾಗದವೊಂದರಿಂದ ಚುನಾವಣೆ ತಿರುಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ನವೆಂಬರ್‌ನಲ್ಲಿ ಲಿಂಕನ್‌ಗೆ 212, ಮೆಕ್‌ಕ್ಲೆಲನ್‌ಗೆ 21 ಚುನಾಯಕ ಮತಗಳು ಬಂದವು.

ಯುದ್ಧ ಮುಗಿದು ಗ್ರಾಂಟ್ ಅಧ್ಯಕ್ಷನಾದಾಗ ವಾಶ್‌ಬರ್ನ್ ಕೆಲವೇ ದಿನ ವಿದೇಶಾಂಗ ಮಂತ್ರಿಯಾಗಿದ್ದು ಫ್ರಾನ್ಸ್‌ಗೆ ರಾಯಭಾರಿಯಾಗಿ ಹೋದ. ಪ್ಯಾರಿಸ್ ಮುತ್ತಿಗೆಯ ಹಸಿವಿನ ದಿನಗಳಲ್ಲೂ ಅಲ್ಲಿಂದ ಕದಲಲಿಲ್ಲ. 1880ರಲ್ಲಿ ಗ್ರಾಂಟ್ ಮೂರನೆಯ ಅವಧಿಗೆ ಪಕ್ಷದ ಟಿಕೆಟ್ ಬಯಸಿದಾಗ ಷಿಕಾಗೋ ಸಮಾವೇಶದಲ್ಲಿ ವಾಶ್‌ಬರ್ನ್‌ನ ಹೆಸರಿಗೂ ಮತಗಳು ಬಿದ್ದವು. ಗ್ರಾಂಟ್ ಅದನ್ನು ದ್ರೋಹವೆಂದೇ ತಿಳಿದ, ಇಬ್ಬರ ಸ್ನೇಹ ಮುರಿಯಿತು. 36ನೆಯ ಸುತ್ತಿನಲ್ಲಿ ಟಿಕೆಟ್ ಗೆದ್ದವನು ಗಾರ್‌ಫೀಲ್ಡ್.

ಗ್ರಾಂಟ್ ತನ್ನ ಗೆಳೆಯನಿಗೆ ಬರೆದ ಪತ್ರಗಳು 1897ರಲ್ಲಿ ಪುಸ್ತಕವಾಗಿ ಬಂದವು. ಒಂದೇ ಕಡೆಯ ದನಿ ಇರುವ ಆ ಪುಸ್ತಕದಿಂದಲೇ ಈ ಮೈತ್ರಿಯ ನಿಷ್ಕಳಂಕ ಚಿತ್ರ ಬಹುಮಟ್ಟಿಗೆ ಹುಟ್ಟಿದೆ. ಈಗ ಗ್ರಾಂಟ್‌ನ ಸಮಗ್ರ ಪತ್ರಗಳು 32 ಸಂಪುಟಗಳಲ್ಲಿ ಲಭ್ಯ, ಅಡಿಟಿಪ್ಪಣಿಗಳಲ್ಲಿ ಉಳಿದವರ ಕಾಗದಗಳೂ ಇವೆ. ಈ ವಿಷಯದಲ್ಲಿ ಆಸಕ್ತಿ ಇರುವವರು ದಯವಿಟ್ಟು ಗ್ರಾಂಟ್‌ನ ಕಾಗದಕ್ಕೆ ನಿಲ್ಲಬೇಡಿ. ರಾಲಿನ್ಸ್‌ನ ಪ್ರಮಾಣ, ಕ್ಯಾಡ್ವಲಾಡರ್‌ನ ಅಸಹನೆ, 1863ರ ಜನವರಿಯಲ್ಲಿ ವಾಶ್‌ಬರ್ನ್ ಲಿಂಕನ್‌ಗೆ ಬರೆದ ಸಮರ್ಥನೆ, ಇವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಓದಿ.